ತೂಬು ಎತ್ತಿದವನು

ಹಲ್ಲು ಕೀಳಿಸಲೆಂದು ಕೋಪನ್‌ಹೇಗನ್ನಿಗೆ ಬಂದವನು ನಾನು,
ಚಿತ್ರ ನೋಡಲೆಂದಲ್ಲ.
ದವಡೆಗೆ ಅರಿವೆ ಕಟ್ಟಿಕೊಂಡು, ಮಳೆಗೆ ಹೆದರಿ,
ಎದುರಿಗೆ ಸಿಕ್ಕ ದೊಡ್ಡ ಬಾಗಿಲೊಳಗೆ ನುಗ್ಗಿದೆ.
ಕಾಸು ಕೇಳಲಿಲ್ಲ; ಬುಧವಾರ ಬಿಟ್ಟಿಯಂತೆ.

ಮೂರನೆಯ ಕೋಣೆ, ಕಿಟಕಿಯ ಎಡಕ್ಕೆ,
ನಮ್ಮ ಹಳ್ಳ.

ಚಿನ್ನದ ಚೌಕಟ್ಟಿನೊಳಗೆ ಅದೇ ಬೀಚ್ ಮರಗಳು,
ಕಾಂಡದ ಮೇಲೆ ಅದೇ ಬೂದಿ ಬೆಳಕು,
ಬೇರು ಸಡಿಲಿ ನೀರಿಗೆ ವಾಲಿದ ಆಲ್ಡರ್ ಮರ.
ಅದನ್ನು ಒಂದು ನವೆಂಬರಿನ ಗಾಳಿ ಕೆಡವಿತ್ತು,
ನಾವೇ ಕಡಿದು ಉರಿಸಿ ಚಳಿ ಕಾಯಿಸಿಕೊಂಡಿದ್ದೆವು.
ಇಲ್ಲಿ ಇನ್ನೂ ವಾಲಿಕೊಂಡೇ ಇದೆ, ಬಿದ್ದಿಲ್ಲ.
ಕೆಳಗೆ ಹಿತ್ತಾಳೆಯ ತಗಡು: ಕಾಡಿನ ತೊರೆ, ಜುಲೈ, ೧೮೫೩.

ಟೊಪ್ಪಿ ಕೈಯಲ್ಲಿ ಹಿಡಿದ ಒಬ್ಬ ಮೇಷ್ಟರು
ಜೊತೆಯ ಹೆಂಗಸಿಗೆ ಹೇಳುತ್ತಿದ್ದರು:
ನೋಡಿ, ಮನುಷ್ಯನ ಕೈ ಸೋಕದ ನೀರು.

ನಗು ಬಂತು. ನಕ್ಕರೆ ದವಡೆ ನೋವು.

ಸ್ವಾಮಿ, ಆ ಬೇಸಿಗೆ ಹಳ್ಳದಲ್ಲಿ ನೀರೆಲ್ಲಿತ್ತು?
ಕಪ್ಪೆ ಮೀಯುವಷ್ಟೂ ಇರಲಿಲ್ಲ.
ಕಲ್ಲುಗಳು ಮುದುಕರ ಮೊಣಕಾಲಿನ ಹಾಗೆ ಎದ್ದು ಕೂತಿದ್ದವು.
ಇದ್ದಬದ್ದ ನೀರೆಲ್ಲ ಎಸ್ಬೆನ್‌ನ ಗಿರಣಿಯ ಕೆರೆಯಲ್ಲಿ.
ಬಂದ ಚಿತ್ರಗಾರ ಹೋಲ್ಮ್‌ಸ್ಟೆಡ್, ಮಡಿಚುವ ಸ್ಟೂಲು, ಬಿಳಿ ಕೊಡೆ;
ಒಣಗಿದ ಹಳ್ಳ ನೋಡಿ ಮುಖ ಸಣ್ಣ ಮಾಡಿಕೊಂಡ.
ಮಾತಾಯಿತು: ದಿನಕ್ಕೆ ಅರ್ಧ ರಿಗ್ಸ್‌ಡಾಲರ್ ಗಿರಣಿಗೆ,
ಬೆಳಿಗ್ಗೆ ಒಂದು ತಾಸು ಹಳೆಯ ತೂಬು ತೆರೆಯಬೇಕು.
ಎರಡು ಸ್ಕಿಲ್ಲಿಂಗ್ ನನಗೆ.
ತೂಬಿನ ಗೂಟ ಮುರಿದಿತ್ತು. ಹಲಗೆ ಎತ್ತಿದವನು
ಸನ್ನೆಕೋಲನ್ನು ಹೆಗಲ ಮೇಲಿಟ್ಟು ನಿಂತೇ ಇರಬೇಕು,
ಬಿಟ್ಟರೆ ದಡ್ಡನೆ ಬೀಳುತ್ತದೆ.
ನನಗಾಗ ಹತ್ತು ವರ್ಷ.

ತಿರುವಿನಾಚೆ ನಾನು, ತಿರುವಿನೀಚೆ ಅವನು.
ನನಗೆ ಕಾಣುತ್ತಿದ್ದುದು ಪೊದೆಯ ಮೇಲೆ ಕೊಡೆಯ ತುದಿ,
ಕೆಲಸ ಮುಗಿದರೆ ಅಲ್ಲಿ ಆಡುವ ಕೆಂಪು ಕರವಸ್ತ್ರ.
ನೀರು ಇತ್ತ ಹೊರಟರೆ ಗಿರಣಿಯ ಚಕ್ರ ನಿಲ್ಲುತ್ತಿತ್ತು.
ರೈ ಮೂಟೆ ಹೊತ್ತು ಬಂದವರು ಕಟ್ಟೆಯ ಮೇಲೆ ಕಾಯುತ್ತಿದ್ದರು.
ವಿಧವೆ ಮೆಟ್ಟೆಲೀನ ಒಂದು ದಿನ ತಾಳಲಾರದೆ
ಮರದ ಮೆಟ್ಟು ಬಡಿಯುತ್ತ ಕೊಡೆಯ ಬಳಿಗೇ ಹೋದಳು:
"ಅಯ್ಯಾ, ನೀನು ಬರೀತಿರೋದು ನೀರಲ್ಲ,
ನನ್ನ ಹಿಟ್ಟು ಹರಿದು ಹೋಗ್ತಿದೆ ಅಲ್ಲಿ."
ಅವನು ಟೊಪ್ಪಿ ತೆಗೆದು ತಲೆಬಾಗಿದನಂತೆ,
ಮತ್ತೆ ಹಸಿರು ಕಲಸಿದನಂತೆ.

ಒಂಬತ್ತನೆಯ ದಿನ ಕರವಸ್ತ್ರ ಆಡಲಿಲ್ಲ.
ಹೆಗಲು ಮೊದಲು ಉರಿಯಿತು, ಆಮೇಲೆ ಜೋಮು,
ಆಮೇಲೆ ಅದು ನನ್ನದೇ ಅಲ್ಲ.
ಎರಡು ಸ್ಕಿಲ್ಲಿಂಗ್, ಎರಡು ಸ್ಕಿಲ್ಲಿಂಗ್ ಎಂದು ಹಲ್ಲು ಕಚ್ಚಿದೆ
(ಇವತ್ತು ಕಿತ್ತದ್ದು ಅದೇ ಹಲ್ಲೋ ಏನೋ).
ಕೆರೆಯ ತಳ ಕಂಡಿತು. ಹಾವುಮೀನು ಕೆಸರಲ್ಲಿ ಹೊರಳಿದವು.
ಎಸ್ಬೆನ್ ಕೂಗುತ್ತ ಓಡಿ ಬಂದಾಗ ಸೂರ್ಯ ಮರಗಳ ಹಿಂದೆ.
ಚಿತ್ರಗಾರ ಮಧ್ಯಾಹ್ನದ ಗಾಡಿಗೇ ಹೋಗಿಯಾಗಿತ್ತು.
ಚಿತ್ರ ಮುಗಿದ ಖುಷಿಯಲ್ಲಿ ಮರೆತನಂತೆ.
ಆ ದಿನದ ಕಾಸು ಬರಲಿಲ್ಲ,
ಕಪಾಳಕ್ಕೆ ಮಾತ್ರ ಬಂತು, ಎಸ್ಬೆನ್‌ನದು.

ಸಿಟ್ಟಿಲ್ಲ ಈಗ. ಚೆನ್ನಾಗಿಯೇ ಬರೆದಿದ್ದಾನೆ.
ಕಲ್ಲು ಹತ್ತಿ ಇಳಿಯುವಲ್ಲಿ ನೀರು ಬೆನ್ನು ಬಾಗಿಸುವ ರೀತಿ,
ಎಲೆಯ ನೆರಳು ಅದರ ಮೇಲೆ ನಿಲ್ಲಲಾರದೆ ನಿಲ್ಲುವ ರೀತಿ.
ನಾನು ಕಳಿಸಿದ ನೀರನ್ನು
ನಾನು ನೋಡಿದ್ದು ಇದೇ ಮೊದಲು.

ಕಾವಲುಗಾರ ಕೆಮ್ಮುವವರೆಗೂ ಹತ್ತಿರ ಹೋದೆ.
ಹಳ್ಳ ಬಲಕ್ಕೆ ತಿರುಗಿ ಕತ್ತಲಾಗುವ ಕಡೆ
ಅಂಗೈಯಗಲ ಕಪ್ಪು ಹಸಿರು, ಅಷ್ಟೇ. ಅದರಾಚೆ
ಒಬ್ಬ ಹುಡುಗ ನಿಂತೇ ಇದ್ದಾನೆ.
ನೀರು ಇನ್ನೂ ಬರುತ್ತಿದೆಯಲ್ಲ.

ಜೇಬಿನಲ್ಲಿ ಬಾಯಿಯ ರಕ್ತ ಒರೆಸಿದ ಕರವಸ್ತ್ರವಿತ್ತು.
ಮೇಷ್ಟರು ಮುಂದಿನ ಕೋಣೆಗೆ ಹೋದ ಮೇಲೆ,
ಯಾರೂ ನೋಡದಾಗ, ತೆಗೆದು
ಒಮ್ಮೆ ಆಡಿಸಿದೆ.